ಮೊದಲು ಕೈ ಮಾತಾಡಲಿ

ಶನಿವಾರ ಬೆಳಿಗ್ಗೆ ಹತ್ತು ಗಂಟೆ. ಹೈದರಾಬಾದ್‌ನ ರಾಯದುರ್ಗಂ ಬಳಿಯ ಒಂದು ಕಚೇರಿಯ ಮೀಟಿಂಗ್ ಹಾಲ್. ಆರು ಮೇಜು, ಪ್ರತಿ ಮೇಜಿಗೆ ಐದು ಜನ. ಲ್ಯಾಪ್‌ಟಾಪ್‌ಗಳನ್ನು ಮುಚ್ಚಿಸಿ, ಮೊಬೈಲ್‌ಗಳನ್ನು ಒಂದು ಬುಟ್ಟಿಗೆ ಹಾಕಿಸಿ, ಎಲ್ಲರ ಮುಂದೆ ಬೇಯಿಸದ ಸ್ಪಗೆಟಿ ಕಡ್ಡಿಗಳನ್ನು ಇಡುತ್ತೇನೆ. 'ರಜೆ ದಿನ ಕರೆಸಿ ಅಡುಗೆ ಮಾಡಿಸ್ತೀರಾ ಸರ್?' ಎಂದು ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಆ ನಗುವಿನಿಂದಲೇ ನನ್ನ ದಿನದ ಕೆಲಸ ಶುರು.

ನಾನು ರಾಯಚೂರಿನವನು. 2008ರಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆಂದು ಹೈದರಾಬಾದಿಗೆ ಬಂದೆ. ಕೆಲ ವರ್ಷಗಳಿಂದ ಕೋಡ್ ಬರೆಯುವುದನ್ನು ಬಿಟ್ಟು, ಕಂಪನಿಗಳಲ್ಲಿ, ಕಾಲೇಜುಗಳಲ್ಲಿ ಕಾರ್ಯಾಗಾರ ನಡೆಸುತ್ತಿದ್ದೇನೆ. ಕೈಯಿಂದ ಏನನ್ನಾದರೂ ಮಾಡುತ್ತಾ ಹೊಸದಾಗಿ ಯೋಚಿಸುವುದು, ಜೊತೆಯಾಗಿ ಕೆಲಸ ಮಾಡುವುದು, 'ಡಿಸೈನ್ ಥಿಂಕಿಂಗ್' ಎಂಬ ಕ್ರಮವನ್ನು ರೂಢಿಸಿಕೊಳ್ಳುವುದು ಇದರ ಉದ್ದೇಶ. ಊರಿನಲ್ಲಿ ಯಾರಾದರೂ 'ನಿಮ್ಮ ಹುಡುಗ ಹೈದರಾಬಾದ್‌ನಾಗ ಏನ್ ಮಾಡ್ತಾನ?' ಎಂದು ಕೇಳಿದರೆ, ಅಪ್ಪ 'ದೊಡ್ಡೋರಿಗೆ ಆಟ ಆಡಸ್ತಾನ' ಎನ್ನುತ್ತಾರೆ. ತಪ್ಪೇನಿಲ್ಲ. ಆದರೆ ಆಟ ಮುಗಿದ ಮೇಲೆ ಏನು ಉಳಿಯುತ್ತದೆ ಎಂಬ ಪ್ರಶ್ನೆ ಕೆಲವು ವರ್ಷಗಳ ಹಿಂದೆ ನನ್ನ ನಿದ್ದೆ ಕೆಡಿಸಿತ್ತು. ಅದನ್ನೇ ಇಲ್ಲಿ ಹೇಳಬೇಕು.

ಉಂಡೆ ಕಲಿಸುವ ಪಾಠ

ಸ್ಪಗೆಟಿ ಆಟ ನನ್ನದಲ್ಲ. ಪೀಟರ್ ಸ್ಕಿಲ್‌ಮನ್ ಎಂಬ ವಿನ್ಯಾಸಕಾರ ರೂಪಿಸಿದ್ದು. ಟಾಮ್ ವುಜೆಕ್ 2010ರ ಟೆಡ್ ಭಾಷಣದಲ್ಲಿ ಅದನ್ನು ಜಗತ್ತಿಗೆಲ್ಲ ಪರಿಚಯಿಸಿದರು. ಪ್ರತಿ ತಂಡಕ್ಕೆ 20 ಸ್ಪಗೆಟಿ ಕಡ್ಡಿ, ಒಂದು ಗಜ ಟೇಪ್, ಒಂದು ಗಜ ದಾರ, ಒಂದು ಮಾರ್ಷ್‌ಮ್ಯಾಲೋ ಮಿಠಾಯಿ. 18 ನಿಮಿಷದಲ್ಲಿ ಗೋಪುರ ಕಟ್ಟಬೇಕು, ತುದಿಯಲ್ಲಿ ಮಿಠಾಯಿ ನಿಲ್ಲಬೇಕು. ಯಾರದು ಎತ್ತರವೋ ಅವರು ಗೆದ್ದಂತೆ.

ಮಾರ್ಷ್‌ಮ್ಯಾಲೋದಲ್ಲಿ ಸಾಮಾನ್ಯವಾಗಿ ಜೆಲಾಟಿನ್ ಇರುವುದರಿಂದ ಕೆಲವರು ಮುಟ್ಟಲು ಹಿಂಜರಿಯುತ್ತಾರೆ. ಹಾಗಾಗಿ ನಾನು ಸಣ್ಣ ಮಂಡಕ್ಕಿ ಉಂಡೆ ಇಡುತ್ತೇನೆ. ಇಲ್ಲಿನವರು ಅದಕ್ಕೆ 'ಮರಮರಾಲ ಉಂಡ' ಎನ್ನುತ್ತಾರೆ. ನೋಡಲು ಹಗುರ, ಆದರೆ ಕಡ್ಡಿಯ ಮೇಲೆ ಕೂತ ಕೂಡಲೇ ಅದರ ತೂಕ ಗೊತ್ತಾಗುತ್ತದೆ.

ಎಂಬಿಎ ಓದುವವರಿಗಿಂತ ಶಿಶುವಿಹಾರದ ಮಕ್ಕಳು ಈ ಆಟದಲ್ಲಿ ಮುಂದೆ ಎಂಬುದು ವುಜೆಕ್ ಕಂಡುಕೊಂಡ ಸಂಗತಿ. ದೊಡ್ಡವರು ಯಾರು ಮುಂದಾಳು ಎಂದು ತೀರ್ಮಾನಿಸಲು ಒಂದಿಷ್ಟು ಹೊತ್ತು, ಯೋಜನೆ ಹಾಕಲು ಒಂದಿಷ್ಟು ಹೊತ್ತು ಕಳೆದು, ಕೊನೆಯ ನಿಮಿಷದಲ್ಲಿ ಮಿಠಾಯಿ ಇಡುತ್ತಾರೆ. ಗೋಪುರ ಕುಸಿಯುತ್ತದೆ. ಮಕ್ಕಳು ಮೊದಲಿನಿಂದಲೇ ಮಿಠಾಯಿ ಇಟ್ಟು ನೋಡುತ್ತಾರೆ. ಬಿದ್ದರೆ ಮತ್ತೆ ಕಟ್ಟುತ್ತಾರೆ. ದುಬಾರಿ ಬಹುಮಾನ ಇಟ್ಟಾಗ ಒಂದು ತಂಡದ ಗೋಪುರವೂ ನಿಲ್ಲಲಿಲ್ಲ ಎಂದೂ ವುಜೆಕ್ ಅದೇ ಭಾಷಣದಲ್ಲಿ ಹೇಳಿದ್ದಾರೆ.

ಈ ಪಾಠ ಕೇಳಿ ಎಲ್ಲರೂ ತಲೆದೂಗುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ನಾನೂ ಮೊದಮೊದಲು ಇಷ್ಟಕ್ಕೇ ತೃಪ್ತನಾಗಿದ್ದೆ.

'ಸೋಮವಾರ ಮತ್ತ ಅದೇ ರಾಗ'

ಒಂದು ಕಂಪನಿ. ಔಷಧ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವವರು. ಎರಡು ದಿನದ ಕಾರ್ಯಾಗಾರ. ಅಂಗಡಿಯವರು ಬಿಲ್ ಹಾಕಿದ ಕ್ಷಣವೇ ದಾಸ್ತಾನಿನ ಲೆಕ್ಕ ತೋರಿಸುವ ಸೌಲಭ್ಯವನ್ನು ಇನ್ನಷ್ಟು ಚೆಂದ ಮಾಡುವುದು ಹೇಗೆ ಎಂಬುದು ವಿಷಯ. ಗೋಡೆ ತುಂಬ ಹಳದಿ, ಗುಲಾಬಿ ಚೀಟಿಗಳು. ಮ್ಯಾನೇಜರ್ ಖುಷಿಯಾಗಿದ್ದರು, ನಾನೂ ಖುಷಿಯಾಗಿದ್ದೆ.

ಆರು ತಿಂಗಳ ನಂತರ ಬೇರೆ ಕೆಲಸಕ್ಕೆ ಅದೇ ಕಚೇರಿಗೆ ಹೋದೆ. ನಮ್ಮ ಚಾರ್ಟುಗಳು ಸುರುಳಿ ಸುತ್ತಿಕೊಂಡು ಪ್ರಿಂಟರ್ ಹಿಂದೆ ನಿಂತಿದ್ದವು. ಲಿಫ್ಟ್‌ನಲ್ಲಿ ಒಬ್ಬ ಹುಡುಗ 'ನೀವು ನಮ್ಮ ಕಡೆಯವ್ರಲ್ಲೇನ್ರಿ ಸರ?' ಎಂದು ಮಾತಿಗಿಳಿದ. ಕಲಬುರಗಿಯವನು. ಅಂಗಡಿಯವರ ಫೋನ್ ಕರೆ ತೆಗೆದುಕೊಳ್ಳುವ ಸಪೋರ್ಟ್ ಡೆಸ್ಕ್‌ನಲ್ಲಿ ಕೆಲಸ. ಕಾರ್ಯಾಗಾರಕ್ಕೂ ಬಂದಿದ್ದನಂತೆ. ನಿಜ ಹೇಳುತ್ತೇನೆ, ನನಗೆ ಅವನ ಮುಖ ನೆನಪಿರಲಿಲ್ಲ.

'ಆ ದಿನ ಭಾಳ ಛಲೋ ಇತ್ರಿ ಸರ. ಸೋಮವಾರ ಮತ್ತ ಅದೇ ರಾಗ' ಎಂದ. ಕೆಳಗಿನ ಟೀ ಅಂಗಡಿಯಲ್ಲಿ ಕೂತು ಇನ್ನಷ್ಟು ಹೇಳಿದ. ಸಂಜೆ ಏಳರಿಂದ ಒಂಬತ್ತರವರೆಗೆ ಅಂಗಡಿಯಲ್ಲಿ ಜನಜಂಗುಳಿ. ಆಗ ಯಾರೂ ಕಂಪ್ಯೂಟರ್ ಮುಟ್ಟುವುದಿಲ್ಲ. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಗೀಚಿಕೊಂಡು, ಶಟರ್ ಅರ್ಧ ಇಳಿಸಿದ ಮೇಲೆ ಒಂದೊಂದಾಗಿ ನಮೂದಿಸುತ್ತಾರೆ. ಹಾಗಾಗಿ ರಾತ್ರಿ ಹತ್ತಕ್ಕೆ ಅವನ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ನಾವು ಎರಡು ದಿನ ತಲೆ ಕೆಡಿಸಿಕೊಂಡ ಸೌಲಭ್ಯವನ್ನು, ಅದು ಬೇಕಾದ ಹೊತ್ತಿನಲ್ಲಿ, ಬಳಸುವವರೇ ಇರಲಿಲ್ಲ!

'ಇದನ್ನ ಆವತ್ತೇ ಯಾಕೆ ಹೇಳಲಿಲ್ಲ?'

'ನಾ ಇಂಗ್ಲಿಷ್‌ನ್ಯಾಗ ವಾಕ್ಯ ಜೋಡಿಸೂದ್ರಾಗ ಟಾಪಿಕ್ಕೇ ಮುಗದಿತ್ರಿ ಸರ.'

ಅವನು ದೂರಿನ ಧಾಟಿಯಲ್ಲಿ ಹೇಳಲಿಲ್ಲ. ನಗುತ್ತಲೇ ಹೇಳಿದ. ಆದರೆ ಆ ಮಾತು ನನ್ನನ್ನು ಮನೆಯವರೆಗೂ ಹಿಂಬಾಲಿಸಿತು. ಸಮಸ್ಯೆ ಗೊತ್ತಿದ್ದ ಒಬ್ಬನೇ ಒಬ್ಬ ಆ ಕೋಣೆಯಲ್ಲಿದ್ದ. ಎರಡು ದಿನ ಅವನು ಬಾಯಿ ಬಿಡದಂತಹ ಏರ್ಪಾಡನ್ನು ಮಾಡಿದ್ದು ನಾನೇ. ಯಾರು ವೇಗವಾಗಿ ಇಂಗ್ಲಿಷ್ ಮಾತಾಡುತ್ತಾರೋ ಅವರ ಚೀಟಿ ಗೋಡೆಗೆ ಏರಿತ್ತು. ಹೊರನಾಡಿನಲ್ಲಿ ದುಡಿಯುವ ನಮ್ಮಲ್ಲಿ ಹಲವರು ಮೊದಲ ವರ್ಷಗಳಲ್ಲಿ ಆ ಹುಡುಗನ ಕುರ್ಚಿಯಲ್ಲೇ ಕೂತವರು. ನಾನು ಅದನ್ನು ಮರೆತಿದ್ದೆ.

ನಿಯಮ ಬದಲಾಯಿತು

ಅಂದಿನಿಂದ ನನ್ನ ಕಾರ್ಯಾಗಾರದ ಕ್ರಮ ಬೇರೆಯಾಯಿತು. ಮೊದಲ 20 ನಿಮಿಷ ಯಾರೂ ಮಾತಾಡುವಂತಿಲ್ಲ. ರಟ್ಟು, ಮೇಣದ ಜೇಡಿ, ತಂತಿ, ಹಳೆಯ ಡಬ್ಬಿಗಳನ್ನು ಕೊಟ್ಟು, 'ನಿಮ್ಮ ಕೆಲಸದಲ್ಲಿ ದಿನವೂ ಎಡವುವ ಜಾಗ ಯಾವುದು, ಮಾಡಿ ತೋರಿಸಿ' ಎನ್ನುತ್ತೇನೆ. ಕೈಗೆ ಇಂಗ್ಲಿಷ್ ಬೇಡ, ಹುದ್ದೆಯೂ ಬೇಡ. ಚೀಟಿಯನ್ನು ಕನ್ನಡ, ತೆಲುಗು, ಹಿಂದಿ, ಉರ್ದು ಯಾವುದರಲ್ಲಾದರೂ ಬರೆಯಬಹುದು. ಪಕ್ಕದವರು ಅರ್ಥ ಹೇಳುತ್ತಾರೆ. ಮ್ಯಾನೇಜರ್ ತಮ್ಮ ಕೈಕೆಳಗಿನವರ ಮೇಜಿನಲ್ಲಿ ಕೂರುವಂತಿಲ್ಲ, ಅಭಿಪ್ರಾಯವನ್ನು ಕೊನೆಯಲ್ಲೇ ಹೇಳಬೇಕು.

ಎರಡನೆಯದು, ಮೊದಲ ದಿನದ ಅರ್ಧವನ್ನು ಹಾಲ್‌ನ ಹೊರಗೆ ಕಳೆಯಬೇಕು. ಬಳಸುವವರು ಇರುವಲ್ಲಿಗೆ ಹೋಗಿ ಸುಮ್ಮನೆ ನಿಂತು ನೋಡಬೇಕು. ಮೂರನೆಯದು, ಕೊನೆಗೆ ಹತ್ತು ಐಡಿಯಾ ಬೇಡ. ಒಂದೇ ಒಂದು ಕೆಲಸ, ಅದಕ್ಕೊಬ್ಬರ ಹೆಸರು, ಮುಂದಿನ ಶುಕ್ರವಾರದ ಗಡುವು. 30 ದಿನದ ನಂತರ ನಾನು ಫೋನ್ ಮಾಡುತ್ತೇನೆ.

ಇದರಿಂದ ಕೆಲಸ ಕಳೆದುಕೊಂಡದ್ದೂ ಉಂಟು. 'ಇಷ್ಟೆಲ್ಲ ಬೇಡ, ಅರ್ಧ ದಿನ ಫನ್ ಆಗಿರಲಿ ಸಾಕು' ಎನ್ನುವವರೇ ಹೆಚ್ಚು. ತಿಂಗಳ ಕಂತು ಕಟ್ಟುವ ದಿನ ಹತ್ತಿರ ಬಂದಾಗ ಹಳೆಯ ಆಟಕ್ಕೇ ಮರಳೋಣ ಅನ್ನಿಸಿದ್ದೂ ಇದೆ. ಆಗ ಆ ಲಿಫ್ಟ್ ನೆನಪಾಗುತ್ತದೆ.

ಡಿಸೈನ್ ಥಿಂಕಿಂಗ್‌ನ ಐದು ಹೆಜ್ಜೆಗಳನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಿ-ಸ್ಕೂಲ್ ಜನಪ್ರಿಯಗೊಳಿಸಿತು. ನಾನು ಅದನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳುತ್ತೇನೆ: ಅವರ ಕಷ್ಟ ಅರಿ, ನಿಜವಾದ ತೊಡಕು ಗುರುತಿಸು, ಹತ್ತು ದಾರಿ ಯೋಚಿಸು, ಒರಟಾಗಿಯಾದರೂ ಮಾಡು, ಬಳಸುವವರ ಕೈಗೆ ಕೊಟ್ಟು ನೋಡು. ಇದನ್ನು ಕಲಿಯಲು ಅಮೆರಿಕಕ್ಕೇ ಹೋಗಬೇಕಿಲ್ಲ. 1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಬಹುವಾಗಿ ಮೆಚ್ಚಿಕೊಂಡಿದ್ದು ನಮ್ಮ ಚೊಂಬನ್ನು. ಅಹಮದಾಬಾದ್‌ನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಿದ್ದು ಆ ವರದಿಯ ಹಿನ್ನೆಲೆಯಲ್ಲಿ. ಚೊಂಬನ್ನು ಯಾರೋ ಒಬ್ಬರು ಕೂತು ವಿನ್ಯಾಸ ಮಾಡಲಿಲ್ಲ. ತಲೆತಲಾಂತರದ ಕೈಗಳು ಹಿಡಿದು, ಬಗ್ಗಿಸಿ, ಸುರಿದು ತಿದ್ದಿದವು. ನನ್ನ ಚೀಲದಲ್ಲಿ ಸದಾ ಒಂದು ಹಿತ್ತಾಳೆ ಚೊಂಬು ಇರುತ್ತದೆ.

ಆಲೇರಿನ ಅಮ್ಮ, ಮಗ

ಹೈದರಾಬಾದಿನಲ್ಲಿ ಈ ಮಾತು ಹೇಳುವಾಗ ನನಗೆ ಇನ್ನೊಂದು ಅನುಕೂಲವಿದೆ. ಇಲ್ಲಿಂದ ವರಂಗಲ್ ಕಡೆಗೆ ಹೋಗುವ ರೈಲು ದಾರಿಯಲ್ಲಿ ಆಲೇರು ಸಿಗುತ್ತದೆ. ಚಿಂತಕಿಂದಿ ಮಲ್ಲೇಶಂ ಆ ಕಡೆಯ ನೇಕಾರರ ಮನೆಯವರು. ಶಾಲೆ ಬಿಟ್ಟಿದ್ದು ಆರನೇ ತರಗತಿಯಲ್ಲಿ. ಪೋಚಂಪಲ್ಲಿ ಸೀರೆಗೆ ಬಣ್ಣ ಹಾಕುವ ಮೊದಲು ನೂಲನ್ನು ಅರ್ಧ ವೃತ್ತಾಕಾರದ ಗೂಟಗಳಿಗೆ ಸುತ್ತಬೇಕು. ಇದಕ್ಕೆ 'ಆಸು' ಎನ್ನುತ್ತಾರೆ. ಒಂದು ಸೀರೆಗೆ ಸುಮಾರು 9,000 ಸಲ ಕೈ ಆಚೀಚೆ ಆಡಬೇಕು. ದಿನಕ್ಕೆ ಎರಡು ಸೀರೆಯೆಂದರೆ 18,000 ಸಲ. ತಾಯಿ ಲಕ್ಷ್ಮಿ ಅವರ ಭುಜ, ಮೊಣಕೈ ನೋವು ನೋಡಲಾಗದೆ ಮಲ್ಲೇಶಂ 1992ರಲ್ಲಿ ಯಂತ್ರ ಮಾಡಲು ಹೊರಟರು.

ಸೋತರು, ಸಾಲವಾಯಿತು, ಊರವರು ನಕ್ಕರು. ಹೈದರಾಬಾದಿಗೆ ಬಂದು ಕೂಲಿ ಮಾಡುತ್ತಲೇ ಯಂತ್ರದ ಒಂದೊಂದು ಭಾಗ ಕೂಡಿಸಿದರು. ಇಲ್ಲಿನ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಕಂಡ ಯಂತ್ರದ ಚಲನೆಯಿಂದ ಕೊನೆಯ ತೊಡಕು ಬಿಡಿಸಿಕೊಂಡಿತು. 1999ರಲ್ಲಿ ಯಂತ್ರ ಸಿದ್ಧವಾಯಿತು. ಅದಕ್ಕೆ ತಾಯಿಯ ಹೆಸರನ್ನೇ ಇಟ್ಟರು. ನಾಲ್ಕೈದು ಗಂಟೆಯ ಕೆಲಸ ಒಂದೂವರೆ ಗಂಟೆಗೆ ಇಳಿಯಿತು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2019ರಲ್ಲಿ ಅವರ ಬದುಕು ತೆಲುಗು ಸಿನಿಮಾ ಆಯಿತು.

ಇಂದು ರಾಯದುರ್ಗಂನಲ್ಲಿ ಟಿ-ವರ್ಕ್ಸ್ ಇದೆ. 2023ರ ಮಾರ್ಚ್‌ನಲ್ಲಿ ಆರಂಭವಾದ, 78,000 ಚದರ ಅಡಿಯ ಈ ಕೇಂದ್ರದಲ್ಲಿ ಮಾದರಿ ತಯಾರಿಸಲು ತ್ರೀಡಿ ಪ್ರಿಂಟರ್, ಲೇಸರ್ ಕಟರ್ ಎಲ್ಲ ಸಿಗುತ್ತವೆ. ಮಲ್ಲೇಶಂ ಅವರ ಕಾಲಕ್ಕೆ ಇದಿದ್ದಿದ್ದರೆ ಅವರ ಏಳು ವರ್ಷ ಬಹುಶಃ ಎರಡಾಗುತ್ತಿತ್ತು. ಆದರೆ ತಾಯಿಯ ಭುಜವನ್ನು ನೋಡುವ ಕಣ್ಣು ಯಾವ ಯಂತ್ರದಲ್ಲೂ ಸಿಗುವುದಿಲ್ಲ.

ಮಾತ್ರೆ, ಅಜ್ಜಿ ಮತ್ತು ಚೆಸ್ ಕಾಯಿ

ಕಳೆದ ದಸರಾ ರಜೆಯಲ್ಲಿ ಮಿಯಾಪುರದ ನಮ್ಮ ಅಪಾರ್ಟ್‌ಮೆಂಟ್‌ನ ಕನ್ನಡ ಮನೆಗಳ ಎಂಟು ಮಕ್ಕಳನ್ನು ಕೂಡಿಸಿಕೊಂಡು ಎರಡು ದಿನದ ಕಾರ್ಯಾಗಾರ ಮಾಡಿದೆ. ಒಂದು ಮನೆಯಲ್ಲಿ ಲಿಂಗಸುಗೂರಿನಿಂದ ಬಂದ ಅಜ್ಜಿ ಇದ್ದರು. 'ಅಮ್ಮ ಸಂಜೆ ಮಾತ್ರೆ ಮರೀತಾರೆ, ಅದಕ್ಕೇನಾದ್ರೂ ಮಾಡ್ರಿ' ಎಂದು ಮಗಳು ಹೇಳಿದರು. ಮಕ್ಕಳಿಗೆ ಅದೇ ವಿಷಯ ಕೊಟ್ಟೆ. ಹತ್ತೇ ನಿಮಿಷದಲ್ಲಿ ಅಲಾರಂ ಆ್ಯಪ್, ಮಾತಾಡುವ ಡಬ್ಬಿ, ರೋಬೊ ಎಲ್ಲ ಬಂದವು.

'ಅಜ್ಜಿ ಹತ್ರ ಕೂತು ನೋಡಿದ್ರಾ?' ಎಂದೆ. ಯಾರೂ ನೋಡಿರಲಿಲ್ಲ. ಅವತ್ತು ಸಂಜೆ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಹೋಗಿ ಅಜ್ಜಿಯ ಪಕ್ಕ ಕೂತಳು. ಮರುದಿನ ಬಂದು ಹೇಳಿದಳು: 'ಅಂಕಲ್, ಅಜ್ಜಿ ಮರೆಯೋದೇ ಇಲ್ಲ. ಆರು ಗಂಟೆಗೇ ಮಾತ್ರೆ ಕೈಲಿ ಹಿಡ್ಕೊಂಡು ಕೂತಿದ್ರು. ಬೆರಳು ನೋವು, ಒತ್ತೋಕೆ ಆಗಲ್ಲ. ಆಂಟಿ ಆಫೀಸಿಂದ ಎಂಟು ಗಂಟೆಗೆ ಬರೋವರೆಗೂ ಕಾಯ್ತಾರೆ. ಕೇಳೋಕೆ ನಾಚಿಕೆಯಂತೆ.'

ಮನೆಯವರಿಗೇ ಗೊತ್ತಿರಲಿಲ್ಲ. ಆ ಮಗಳು ಸ್ವಲ್ಪ ಹೊತ್ತು ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಮಕ್ಕಳು ರೋಬೊ ಬಿಟ್ಟು ಕೆಲಸಕ್ಕಿಳಿದರು. ಡಬ್ಬಿಯ ಬಾಯಿಗೆ ತೂತಿನ ರಟ್ಟು ಮುಚ್ಚಿ, ಮೇಲೆ ಮಾತ್ರೆಯ ಪಟ್ಟಿ ಇಟ್ಟು ಚಮಚದ ಹಿಡಿಯಿಂದ ಒತ್ತಿದರು. ರಟ್ಟು ಬಾಗಿತು. ರಟ್ಟಿನ ಬದಲು ಪ್ಲಾಸ್ಟಿಕ್ ಮುಚ್ಚಳಕ್ಕೇ ತೂತು ಕೊರೆಸಿಕೊಂಡರು. ಚಮಚ ಜಾರಿತು. ಮೂರನೆಯ ಸಲ ಒಬ್ಬ ಹುಡುಗ ಮರದ ಚೆಸ್ ಸೆಟ್ಟಿನಿಂದ ಒಂದು ಕಾಲಾಳು ತಂದ. ಅದರ ಬುಡ ಅಂಗೈಗೆ, ಗುಂಡು ತಲೆ ಮಾತ್ರೆಯ ಮೇಲೆ. ಬೆರಳಿನ ಕೆಲಸವನ್ನು ಅಂಗೈ ಮಾಡಿತು. ಟಕ್ ಎಂದು ಮಾತ್ರೆ ಡಬ್ಬಿಯೊಳಗೆ ಬಿತ್ತು. ಅಜ್ಜಿ ತಾವೇ ಇನ್ನೊಮ್ಮೆ ಒತ್ತಿ ನೋಡಿ, 'ಇನ್ಮ್ಯಾಲೆ ಮಗಳ ದಾರಿ ಕಾಯೋದು ತಪ್ಪಿತು ನೋಡ್ರಿ' ಎಂದರು.

ಖರ್ಚು ಏನೂ ಇಲ್ಲ. ಆದರೆ ನನ್ನ ಇಷ್ಟು ವರ್ಷಗಳ ಕಾರ್ಯಾಗಾರಗಳಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ಕಾಣುತ್ತಿಲ್ಲ.

ನೀವು ಪುಣೆಯಲ್ಲಿರಿ, ದುಬೈಯಲ್ಲಿರಿ, ಒಂದು ಭಾನುವಾರ ನಾಲ್ಕು ಮನೆಯ ಮಕ್ಕಳನ್ನು ಕೂಡಿಸಿ ನೋಡಿ. ದೊಡ್ಡ ವಿಷಯ ಬೇಡ. ಮನೆಯಲ್ಲಿ ಯಾರಿಗೆ ಯಾವುದು ಕಷ್ಟವಾಗುತ್ತಿದೆ, ಅಷ್ಟೇ ಸಾಕು. ಮೊದಲು ಪಕ್ಕದಲ್ಲಿ ಕೂತು ನೋಡಲು ಹೇಳಿ, ಆಮೇಲೆ ರಟ್ಟು, ಕತ್ತರಿ ಕೊಡಿ. ಕಚೇರಿಯಲ್ಲಾದರೆ, ಮುಂದಿನ ಮೀಟಿಂಗ್‌ನಲ್ಲಿ ಇನ್ನೂ ವಾಕ್ಯ ಜೋಡಿಸುತ್ತಿರುವವರು ಯಾರು ಎಂದು ಒಮ್ಮೆ ಸುತ್ತ ನೋಡಿ, ಸ್ವಲ್ಪ ಕಾಯಿರಿ.

ಅಂದಹಾಗೆ, ಆ ಮನೆಯ ಚೆಸ್ ಸೆಟ್ಟಿನಲ್ಲಿ ಈಗಲೂ ಒಂದು ಕಾಲಾಳು ಕಡಿಮೆ. ಅದರ ಜಾಗದಲ್ಲಿ ಮಕ್ಕಳು ಹುಣಸೆ ಬೀಜ ಇಟ್ಟು ಆಡುತ್ತಾರೆ.