ಬಸಿದ ನೀರಿನ ರುಚಿ: ಬಯಲುಸೀಮೆಯ ಬಸ್ಸಾರು, ಕೆರಿಬಿಯನ್ ದ್ವೀಪಗಳ ಕ್ಯಾಲಲೂ

ಉತ್ತರ ಪಿನಾಕಿನಿಯ ದಡದಲ್ಲಿರುವ ವಿದುರಾಶ್ವತ್ಥ ಮತ್ತು ಅದರ ಆಸುಪಾಸಿನ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯು ವರ್ಷವಿಡೀ ಹರಿಯುವ ಹೊಳೆಯಿಲ್ಲದೆ ಮಳೆ, ಕೆರೆ ಮತ್ತು ಕೊಳವೆಬಾವಿಗಳನ್ನೇ ನಂಬಿರುವ ಬಯಲು ನಾಡು. ಇಲ್ಲಿನ ರಾಗಿ ಮುದ್ದೆಗೆ ತಲೆಮಾರುಗಳಿಂದ ಜೊತೆಯಾಗಿರುವುದು ಸೊಪ್ಪಿನ ಸಾರು. ಮಳೆ ಬಿದ್ದ ಮೇಲೆ ಹೊಲದ ಬದುಗಳಲ್ಲಿಯೂ ರಾಗಿಯ ಸಾಲುಗಳ ನಡುವೆಯೂ ಬಿತ್ತದೆ ಹುಟ್ಟುವ ಅಣ್ಣೆ, ಕೀರೆ, ಗೋಣಿ, ಗಣಿಕೆ, ಹೊನಗೊನ್ನೆ ಮುಂತಾದವುಗಳ ಎಳೆಯ ಕುಡಿಗಳನ್ನು ಚಿವುಟಿ ಒಟ್ಟುಗೂಡಿಸಿದರೆ ಅದು ‘ಬೆರಕೆ ಸೊಪ್ಪು’ ಎನಿಸಿಕೊಳ್ಳುತ್ತದೆ.

ಇದೇ ಕೀರೆ, ದಂಟುಗಳ ಅಮರಾಂತಸ್ ಕುಲದ ಸೊಪ್ಪು ಜಮೈಕಾದಲ್ಲಿ ‘ಕ್ಯಾಲಲೂ’ ಎಂಬ ಹೆಸರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಥೈಮ್ ಎಂಬ ಸುವಾಸನೆಯ ಎಲೆ ಮತ್ತು ಖಾರದ ಮೆಣಸಿನಕಾಯಿಯೊಡನೆ ಬೇಯುತ್ತದೆ. ಟ್ರಿನಿಡಾಡ್‌ನಲ್ಲಾದರೋ ಕ್ಯಾಲಲೂ ಎಂದರೆ ಕೆಸುವಿನ ಎಲೆ, ಬೆಂಡೆಕಾಯಿ ಮತ್ತು ತೆಂಗಿನ ಹಾಲು ಕೂಡಿದ ಗಟ್ಟಿ ಸಾರು. ಅದನ್ನು ನಮ್ಮ ಕಡೆಗೋಲನ್ನು ಹೋಲುವ ಕವಲುಗೋಲಿನಿಂದ ಕಡೆದು ನುಣ್ಣಗೆ ಮಾಡುವುದು ಅಲ್ಲಿನ ಹಳೆಯ ಪದ್ಧತಿ. 1845ರಿಂದ 1917ರವರೆಗೆ ಕರಾರು ಕೂಲಿಗಳಾಗಿ ಆ ದ್ವೀಪಕ್ಕೆ ಹೋದ ಭಾರತೀಯರು ಕಾದ ಎಣ್ಣೆಯಲ್ಲಿ ಜೀರಿಗೆ, ಬೆಳ್ಳುಳ್ಳಿ ಸಿಡಿಸುವ ಒಗ್ಗರಣೆಯನ್ನೂ ಕೊಂಡೊಯ್ದರು; ಅದನ್ನು ಅಲ್ಲಿ ಇಂದಿಗೂ ‘ಚುಂಕೆ’ ಎನ್ನುತ್ತಾರೆ.

ಬಯಲುಸೀಮೆಯ ಪಾಕಜ್ಞಾನ ಅತ್ಯಂತ ಸ್ಪಷ್ಟವಾಗಿ ಕಾಣುವುದು ಬಸ್ಸಾರಿನಲ್ಲಿ. ತೊಗರಿಬೇಳೆಯನ್ನು ಅರೆಬೇಯಿಸಿ, ಹೆಚ್ಚಿದ ಸೊಪ್ಪನ್ನೂ ಉಪ್ಪನ್ನೂ ಹಾಕಿ, ಬೇಳೆ ಕರಗುವ ಮುನ್ನವೇ ನೀರನ್ನು ಬಸಿದುಕೊಳ್ಳಲಾಗುತ್ತದೆ. ಈ ಬಸಿದ ನೀರಿಗೆ ‘ಕಟ್ಟು’ ಎಂದು ಹೆಸರು. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಮೆಣಸು, ಕೊತ್ತಂಬರಿ ಬೀಜ, ತೆಂಗಿನಕಾಯಿ ಮತ್ತು ಹುಣಸೆಹಣ್ಣನ್ನು ಬೆಂದ ಸೊಪ್ಪಿನ ಒಂದು ಹಿಡಿಯೊಡನೆ ರುಬ್ಬಿ ಕಟ್ಟಿನಲ್ಲಿ ಕುದಿಸಿದರೆ ಸಾರು ಸಿದ್ಧವಾಗುತ್ತದೆ. ಉಳಿದ ಸೊಪ್ಪು-ಬೇಳೆಗೆ ಸಾಸಿವೆ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯವಾಗುತ್ತದೆ. ಬಸಿಯದೆ ಬೇಳೆ, ಟೊಮೆಟೊ, ಹಸಿಮೆಣಸಿನಕಾಯಿಯೊಡನೆ ಮೆತ್ತಗೆ ಬೇಯಿಸಿ ಮಸೆದರೆ ಅದೇ ಮಸ್ಸೊಪ್ಪು.

ಈ ಕ್ರಮಗಳಿಗೆ ಪೌಷ್ಟಿಕತೆಯ ಆಧಾರವೂ ಇದೆ. ಸೊಪ್ಪಿನ ಸಿ ಜೀವಸತ್ವ ಮತ್ತು ಫೋಲೇಟ್ ನೀರಿನಲ್ಲಿ ಕರಗುವುದರಿಂದ, ಕುದಿಯಲ್ಲಿ ನಾಶವಾಗದೆ ಉಳಿದಷ್ಟು ಭಾಗವನ್ನು ಕಟ್ಟು ಊಟಕ್ಕೆ ಮರಳಿಸುತ್ತದೆ. ದೇಹದಲ್ಲಿ ಎ ಜೀವಸತ್ವವಾಗುವ ಬೀಟಾ ಕ್ಯಾರೊಟಿನ್ ಕೊಬ್ಬಿನಲ್ಲಿ ಕರಗುವಂಥದ್ದಾದ್ದರಿಂದ ಒಗ್ಗರಣೆಯ ಎಣ್ಣೆ ಅದನ್ನು ಹೀರಿಕೊಳ್ಳಲು ನೆರವಾಗುತ್ತದೆ. ಪಲ್ಯಕ್ಕೆ ಕೊನೆಯಲ್ಲಿ ನಿಂಬೆರಸ ಹಿಂಡಿದರೆ ಅದು ಸೊಪ್ಪಿನ ಕಬ್ಬಿಣಾಂಶವನ್ನು ದೇಹಕ್ಕೆ ಹೆಚ್ಚು ದಕ್ಕಿಸುತ್ತದೆ. ಆದರೆ ದಂಟು, ಕೀರೆಗಳ ಆಕ್ಸಲೇಟ್ ಎಂಬ ಲವಣಾಂಶವೂ ಬೇಯಿಸಿದ ನೀರಿಗೆ ಇಳಿಯುವುದರಿಂದ, ಮೂತ್ರಪಿಂಡದ ಕಲ್ಲಿನ ತೊಂದರೆಯುಳ್ಳವರು ಕಟ್ಟನ್ನು ಬಳಸುವ ಮುನ್ನ ವೈದ್ಯರನ್ನು ಕೇಳುವುದು ಒಳಿತು. ಕೆಸುವಿನ ಎಲೆಯಲ್ಲಿ ಇದೇ ಅಂಶ ಸೂಜಿಯಂಥ ಹರಳುಗಳಾಗಿ ಗಂಟಲು ಕೆರೆಸುವುದರಿಂದ ಅದನ್ನು ಎಂದಿಗೂ ಅರೆಬೇಯಿಸಿ ತಿನ್ನಬಾರದು.

ಬೆರಕೆ ಸೊಪ್ಪು ಉಳಿಯಬೇಕಾದರೆ ಅದನ್ನು ಗುರುತಿಸುವ ಕಣ್ಣೂ ಉಳಿಯಬೇಕು. ಕಳೆನಾಶಕ ಸಿಂಪಡಿಸಿದ ಹೊಲದಿಂದ ಕೀಳದೆ, ಗುರುತು ಸಿಗದ ಎಲೆಯನ್ನು ಮುಟ್ಟದೆ, ಬಲ್ಲ ಹಿರಿಯರೊಡನೆ ಬದುವಿನ ಮೇಲೆ ನಡೆದು ಹತ್ತು ಸೊಪ್ಪುಗಳ ಹೆಸರನ್ನಾದರೂ ಪ್ರತಿ ಮನೆಯ ಮಕ್ಕಳು ಈ ಮಳೆಗಾಲದಲ್ಲಿ ಕಲಿಯಲಿ.