ಹೆಸರಿಗೂ ಮೈಬಣ್ಣವುಂಟೆ?

'ನಿನ್ನದೇ ಸ್ವತ್ತು, ಆದರೆ ನಿನಗಿಂತ ಪರರೇ ಹೆಚ್ಚಾಗಿ ಬಳಸುವರು, ಅದಾವುದು?' ಎಂಬ ಒಗಟನ್ನು ನಮ್ಮ ಶಾಲಾಬಾಲಕರೂ ಬಲ್ಲರು. ಉತ್ತರ, ಹೆಸರು. ಒಗಟು ಹಗುರವಾಗಿ ತೋರಿದರೂ ಸಮಾಜಶಾಸ್ತ್ರದ ಗಂಭೀರವಾದ ಪ್ರಶ್ನೆಯೊಂದು ಅದರಲ್ಲಿ ಅಡಗಿದೆ. ತೊಟ್ಟಿಲಿನ ಕೂಸಿಗೆ ತಾಯಿತಂದೆಗಳು ಇಡುವ ಹೆಸರು ಅದರ ಮೈಬಣ್ಣವನ್ನಾಗಲಿ ಬುದ್ಧಿಯನ್ನಾಗಲಿ ಬದಲಿಸಲಾರದು. ಆದರೆ ಇಪ್ಪತ್ತು ಇಪ್ಪತ್ತೈದು ವರ್ಷಗಳ ಮೇಲೆ, ಆ ಕೂಸಿನ ಮುಖವನ್ನೇ ಕಾಣದ ಅಧಿಕಾರಿಯೊಬ್ಬನು ಕಾಗದದ ಮೇಲಿನ ಮೂರು ನಾಲ್ಕು ಅಕ್ಷರಗಳನ್ನು ಓದಿ, ಅದರ ಕುಲವೇನು, ಬಣ್ಣವೇನು, ಮನೆಯ ಸ್ಥಿತಿಗತಿಗಳೇನು ಎಂಬುದನ್ನೆಲ್ಲ ಕ್ಷಣಮಾತ್ರದಲ್ಲಿ ಊಹಿಸಿಬಿಡುತ್ತಾನೆ. ಇಂಥ ಊಹೆಯನ್ನು ತಕ್ಕಡಿಯಲ್ಲಿಟ್ಟು ತೂಗಲು ಸಾಧ್ಯವೆ? ಸಾಧ್ಯವೆಂಬುದನ್ನು ಅಮೆರಿಕದಲ್ಲಿ ನಡೆದ ಒಂದು ಪ್ರಯೋಗ ತೋರಿಸಿಕೊಟ್ಟಿದೆ.

2001ನೆಯ ಇಸವಿಯ ಜುಲೈ ತಿಂಗಳಿಂದ ಮರುವರ್ಷದ ಮೇ ತಿಂಗಳವರೆಗೆ, ಬಾಸ್ಟನ್ ಮತ್ತು ಷಿಕಾಗೋ ನಗರಗಳ ವೃತ್ತಪತ್ರಿಕೆಗಳಲ್ಲಿ ಪ್ರಕಟವಾದ ಉದ್ಯೋಗದ ಜಾಹೀರಾತುಗಳಿಗೆ ಸುಮಾರು 5,000 ಅರ್ಜಿಗಳು ಹೋದುವು. ಆ ಅರ್ಜಿದಾರರಲ್ಲಿ ಒಬ್ಬರೂ ನಿಜವಾದ ಮನುಷ್ಯರಲ್ಲ! ಮರಿಯಾನ್ ಬರ್ಟ್ರಾಂಡ್ ಮತ್ತು ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಸೆಂಧಿಲ್ ಮುಲ್ಲೈನಾಥನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅವರನ್ನು ಕಾಗದದ ಮೇಲೆ ಸೃಷ್ಟಿಸಿದ್ದರು. ವಿದ್ಯೆ, ಅನುಭವಗಳೆಲ್ಲ ಎರಡು ಕಡೆಗೂ ಸರಿದೂಗುವಂತೆ ಅರ್ಜಿಗಳನ್ನು ಸಿದ್ಧಪಡಿಸಿ, ಹೆಸರುಗಳನ್ನು ಮಾತ್ರ ಚೀಟಿ ಎತ್ತಿದಂತೆ ಹಂಚಿದ್ದರು. ಅರ್ಧ ಅರ್ಜಿಗಳಿಗೆ ಎಮಿಲಿ, ಗ್ರೆಗ್ ಮೊದಲಾದ, ಬಿಳಿಯರಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರುಗಳು. ಉಳಿದರ್ಧಕ್ಕೆ ಲಕೀಷಾ, ಜಮಾಲ್ ಮೊದಲಾದ, ಕಪ್ಪುವರ್ಣೀಯರಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರುಗಳು. ಯಾವ ಹೆಸರು ಯಾರದೆಂಬುದನ್ನು ಅವರು ಅಂದಾಜಿನ ಮೇಲೆ ಹೇಳಲಿಲ್ಲ. ಮ್ಯಾಸಚೂಸೆಟ್ಸ್ ಸಂಸ್ಥಾನದ 1974ರಿಂದ 1979ರವರೆಗಿನ ಜನನದ ದಾಖಲೆಗಳನ್ನು ಪರಿಶೀಲಿಸಿ ಆರಿಸಿದರು.

ಫಲಿತಾಂಶವೇನು? ಬಿಳಿಯ ಹೆಸರಿನವರು ಹತ್ತು ಅರ್ಜಿ ಹಾಕಿದರೆ ಒಂದು ಕರೆ. ಕಪ್ಪು ಹೆಸರಿನವರು ಹದಿನೈದು ಹಾಕಿದರೆ ಒಂದು. ಬಿಳಿಯ ಹೆಸರೊಂದರಿಂದ ದೊರೆತ ಅನುಕೂಲವು ಎಂಟು ವರ್ಷಗಳ ಹೆಚ್ಚಿನ ಅನುಭವಕ್ಕೆ ಸಮನಾಯಿತೆಂದು ಅವರು ಲೆಕ್ಕ ಹಾಕಿದ್ದಾರೆ. ನಮಗೆ ಇದಕ್ಕಿಂತ ಕಳವಳಕಾರಿಯಾಗಿ ತೋರುವುದು ಇನ್ನೊಂದು ಅಂಶ. ಅರ್ಜಿಯ ಯೋಗ್ಯತೆಯನ್ನು ಹೆಚ್ಚಿಸಿದಾಗ ಬಿಳಿಯ ಹೆಸರಿನವರಿಗೆ ಬರುವ ಕರೆಗಳು ಶೇಕಡಾ 30ರಷ್ಟು ಏರಿದುವು; ಕಪ್ಪು ಹೆಸರಿನವರಿಗೆ ಅತ್ಯಲ್ಪವಾಗಿ ಏರಿದುವು. ಎಂದರೆ, 'ಚೆನ್ನಾಗಿ ಓದು, ಎಲ್ಲ ಸರಿಹೋಗುತ್ತದೆ' ಎಂದು ಹಿರಿಯರು ಹೇಳುವ ಬುದ್ಧಿಮಾತು ಎಲ್ಲ ಮಕ್ಕಳಿಗೂ ಒಂದೇ ಪ್ರಮಾಣದಲ್ಲಿ ಫಲಿಸುವುದಿಲ್ಲವೆಂದಾಯಿತು.

ಇದು ಹೊರದೇಶದ ವ್ಯಾಧಿ, ನಮಗೇಕೆ ಎನ್ನುವ ಹಾಗಿಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಎಂಬವರು ಇದೇ ವಿಧಾನವನ್ನು ಭಾರತದಲ್ಲಿ ಅನುಸರಿಸಿ, ಖಾಸಗಿ ಕಂಪೆನಿಗಳ 548 ಜಾಹೀರಾತುಗಳಿಗೆ 4,808 ಅರ್ಜಿಗಳನ್ನು ಕಳುಹಿಸಿ, 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಯೋಗ್ಯತೆ ಸಮನಾಗಿದ್ದರೂ, ಮೇಲುಜಾತಿಯ ಹೆಸರಿಗಿದ್ದ ಅವಕಾಶದ ಮೂರರಲ್ಲಿ ಎರಡು ಪಾಲು ದಲಿತ ಹೆಸರಿಗೂ, ಮೂರರಲ್ಲಿ ಒಂದೇ ಪಾಲು ಮುಸ್ಲಿಂ ಹೆಸರಿಗೂ ದೊರೆಯಿತು. ದೆಹಲಿಯ ಸುತ್ತಮುತ್ತ ನಡೆದು 2009ರಲ್ಲಿ ಪ್ರಕಟವಾದ ಬೇರೊಂದು ಪರೀಕ್ಷೆಯಲ್ಲಿ ಸಾಫ್ಟ್‌ವೇರ್ ಹುದ್ದೆಗಳ ಮಟ್ಟಿಗೆ ಜಾತಿಯ ಹೆಸರಿನಿಂದ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲವೆಂಬುದನ್ನೂ ಹೇಳಬೇಕು. ಎಲ್ಲ ಬಾಗಿಲುಗಳೂ ಒಂದೇ ತೆರನಾಗಿ ಮುಚ್ಚಿರುವುದಿಲ್ಲ.

ಹೀಗಿರಲು, ಬಾಗಿಲು ಮುಚ್ಚಿಸುವಂಥ ಹೆಸರನ್ನು ತಾಯಿತಂದೆಗಳು ಬಲ್ಲವರಾಗಿಯೂ ಏಕೆ ಇಡುತ್ತಾರೆ? ಇದಕ್ಕೆ ಉತ್ತರ ಬೇಕಾದರೆ ಅಮೆರಿಕದ ಕಪ್ಪುಜನರ ಹೆಸರುಗಳ ಇತಿಹಾಸವನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

ಆಫ್ರಿಕದಿಂದ ಹಡಗುಗಳಲ್ಲಿ ಗುಲಾಮರಾಗಿ ಸಾಗಿಸಲ್ಪಟ್ಟವರು ಬರಿಗೈಯಲ್ಲಿ ಬಂದರೂ ಹೆಸರುಗಳನ್ನು ಹೊತ್ತು ತಂದರು. ಇಂದಿನ ಘಾನಾ ದೇಶದ ಅಕಾನ್ ಜನರಲ್ಲಿ ಹುಟ್ಟಿದ ವಾರದಿಂದ ಹೆಸರು ಬರುತ್ತದೆ. ಶುಕ್ರವಾರ ಹುಟ್ಟಿದ ಗಂಡುಮಗು ಕೋಫಿ. ಮ್ಯಾಸಚೂಸೆಟ್ಸಿನಲ್ಲಿ ಸ್ವಂತ ಹಡಗುಗಳ ಒಡೆಯನಾಗಿ ಮೆರೆದ ಪಾಲ್ ಕಫಿ (1759–1817) ತನ್ನ ತಂದೆಯ ಈ 'ಕೋಫಿ'ಯನ್ನೇ ಕುಲನಾಮವಾಗಿ ಇಟ್ಟುಕೊಂಡನು. ಅಕಾನರಲ್ಲಿ ಮತ್ತೊಂದು ಪದ್ಧತಿಯುಂಟು. ಹಿಂದಿನ ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸಿಗೆ 'ಸುಮಿನಾ', ಎಂದರೆ ತಿಪ್ಪೆ, ಎಂದು ಹೆಸರಿಡುತ್ತಾರೆ. ಇಂಥ ಹೀನವಸ್ತುವಿನ ಗೊಡವೆಯೇ ಬೇಡವೆಂದು ಮೃತ್ಯು ಮುಂದೆ ಸಾಗಲೆಂಬ ಆಸೆ. ಇದನ್ನೋದಿದ ಕನ್ನಡಿಗರಿಗೆ ನಮ್ಮ ಹಳ್ಳಿಗಳ ತಿಪ್ಪಯ್ಯ, ತಿಪ್ಪಮ್ಮಂದಿರ ನೆನಪಾಗದಿರದು. ಎರಡು ಸಮುದ್ರಗಳ ಆಚೆಯ ತಾಯಂದಿರು ಒಬ್ಬರನ್ನೊಬ್ಬರು ಕಾಣದೆಯೇ ಒಂದೇ ಉಪಾಯವನ್ನು ಹೂಡಿದ್ದರು! ಅದೇ ತಿಪ್ಪಯ್ಯ ಬೆಳೆದು ಪಟ್ಟಣದ ಕಛೇರಿಗೆ ಬಂದರೆ ಗುಮಾಸ್ತರ ತುಟಿಯಂಚಿನಲ್ಲಿ ಸಣ್ಣ ನಗೆಯೊಂದು ಸುಳಿಯುತ್ತದೆ. ಇಟ್ಟವರ ಬಾಯಲ್ಲಿ ಅದು ಮಮತೆಯ ಹೆಸರು. ಕೇಳಿದವರ ಕಿವಿಯಲ್ಲಿ ಬೇರೆಯೇ ಆಗಿಬಿಡುತ್ತದೆ.

ಒಡೆಯರು ಇಟ್ಟ ಹೆಸರುಗಳದು ಇನ್ನೊಂದು ಕಥೆ. ಹೊಲದಲ್ಲಿ ದುಡಿಯುವ ಗುಲಾಮನಿಗೆ ಸೀಸರ್, ಪಾಂಪೆ, ಜುಪಿಟರ್ ಎಂದು ರೋಮನ್ ವೀರರ, ದೇವತೆಗಳ ಹೆಸರಿಟ್ಟು ಕರೆಯುವುದು ಅವರಿಗೊಂದು ವಿನೋದ. ಸರಕಾರದ ಲೆಕ್ಕದಲ್ಲಂತೂ ಅಷ್ಟೂ ಇಲ್ಲ. 1850 ಮತ್ತು 1860ರ ಖಾನೇಷುಮಾರಿಯ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಇವಿಷ್ಟನ್ನೇ ಬರೆಯುತ್ತಿದ್ದರು. ಗುಲಾಮರ ಹೆಸರುಗಳಿಗೆ ಅಲ್ಲಿ ಸ್ಥಳವಿರಲಿಲ್ಲ. ಗುಲಾಮಗಿರಿ ರದ್ದಾದ ಮೇಲೆ, 1870ರ ಖಾನೇಷುಮಾರಿಯಲ್ಲಿ, ಆ ಲಕ್ಷಾಂತರ ಜನ ಮೊದಲ ಬಾರಿಗೆ ಹೆಸರುಳ್ಳವರಾದರು. ಸ್ವತಂತ್ರರಾದವರಲ್ಲಿ ಅನೇಕರು ವಾಷಿಂಗ್ಟನ್ ಎಂಬ ಕುಲನಾಮವನ್ನು ಧರಿಸಿದರು. ಅಮೆರಿಕದ ಮೊದಲನೆಯ ರಾಷ್ಟ್ರಾಧ್ಯಕ್ಷನ ಆ ಕುಲನಾಮವನ್ನು 2000ದ ಜನಗಣತಿಯಲ್ಲಿ ಹೊಂದಿದ್ದವರ ಪೈಕಿ ಶೇಕಡಾ 90ರಷ್ಟು ಮಂದಿ ಕಪ್ಪುವರ್ಣೀಯರೇ.

ಇಷ್ಟಾದರೂ ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಕಪ್ಪು ಮಕ್ಕಳ ಹೆಸರುಗಳಿಗೂ ಬಿಳಿಯ ಮಕ್ಕಳ ಹೆಸರುಗಳಿಗೂ ಬಹಳ ಅಂತರವಿರಲಿಲ್ಲ. ಅಂತರ ಬಿದ್ದುದು ಆತ್ಮಗೌರವದ ಚಳವಳಿಯ ಕಾಲದಲ್ಲಿ. ಒಡೆಯರಿಂದ ಬಂದ ಕುಲನಾಮವನ್ನು ತೊರೆದು, ಕಳೆದುಹೋದ ಆಫ್ರಿಕನ್ ಹೆಸರಿನ ಗುರುತಾಗಿ ಮ್ಯಾಲ್ಕಮ್ ಎಕ್ಸ್ ಎಂಬಾತ ಬರಿಯ ಒಂದಕ್ಷರವನ್ನು ಇಟ್ಟುಕೊಂಡನು. ಮುಷ್ಟಿಯುದ್ಧದ ಜಗಜ್ಜೆಟ್ಟಿ ಕ್ಯಾಸಿಯಸ್ ಕ್ಲೇ 1964ರಲ್ಲಿ ತನ್ನದು ಗುಲಾಮನ ಹೆಸರೆಂದು ಬಿಸುಟು ಮುಹಮ್ಮದ್ ಅಲಿಯಾದನು. (ಮೊದಲನೆಯ ಕ್ಯಾಸಿಯಸ್ ಕ್ಲೇ ಗುಲಾಮಗಿರಿಯನ್ನು ವಿರೋಧಿಸಿದ ಬಿಳಿಯ ರಾಜಕಾರಣಿಯೆಂಬುದು ವಿಧಿಯ ಕುಚೋದ್ಯ.) ಪ್ರಸಿದ್ಧರು ಹೀಗೆ ಮಾಡಿದರೆ, ಸಾಮಾನ್ಯರು ತಮ್ಮ ತೊಟ್ಟಿಲುಗಳ ಬಳಿ ಅದನ್ನೇ ಮಾಡಿದರು. ರೋಲಂಡ್ ಫ್ರೈಯರ್ ಮತ್ತು ಸ್ಟೀವನ್ ಲೆವಿಟ್ ಎಂಬ ಅರ್ಥಶಾಸ್ತ್ರಜ್ಞರು ಕ್ಯಾಲಿಫೋರ್ನಿಯದಲ್ಲಿ 1961ರಿಂದ ನಡೆದ ಜನನಗಳ ದಾಖಲೆಗಳನ್ನು ಶೋಧಿಸಿದಾಗ, 1970ರ ದಶಕದ ಆರಂಭದಲ್ಲಿ ಕೆಲವೇ ವರ್ಷಗಳೊಳಗೆ ಹೆಸರುಗಳು ಎರಡು ಹೊಳೆಗಳಾಗಿ ಕವಲೊಡೆದುದು ಕಂಡುಬಂದಿತು. ಶತಮಾನದ ಕೊನೆಯ ವೇಳೆಗೆ ಅಲ್ಲಿ ಹುಟ್ಟುವ ಕಪ್ಪು ಹೆಣ್ಣುಮಕ್ಕಳಲ್ಲಿ ಶೇಕಡಾ 40ಕ್ಕಿಂತ ಹೆಚ್ಚಿನವರಿಗೆ, ಅದೇ ವರ್ಷ ಅಲ್ಲಿ ಹುಟ್ಟಿದ ಸುಮಾರು ಒಂದು ಲಕ್ಷ ಬಿಳಿಯ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೂ ಇಲ್ಲದ ಹೆಸರಿರುತ್ತಿತ್ತು! ಲಕೀಷಾ ಎಂಬಂಥ ಹೆಸರುಗಳು ಅರ್ಥವಿಲ್ಲದ ಶಬ್ದಗಳೆಂದು ಮೂದಲಿಸುವವರುಂಟು. ಆದರೆ ಹೊಸದಾಗಿ ಕಟ್ಟಿದ ಇಂಥ ಹೆಸರುಗಳನ್ನು ಸ್ಟ್ಯಾನ್ಲಿ ಲೀಬರ್ಸನ್ ಮತ್ತು ಕೆಲ್ಲಿ ಮೈಕೆಲ್ಸನ್ ಎಂಬ ಸಮಾಜಶಾಸ್ತ್ರಜ್ಞರು ಅಪರಿಚಿತರ ಮುಂದಿಟ್ಟಾಗ, ಗಂಡು ಯಾವುದು ಹೆಣ್ಣು ಯಾವುದು ಎಂಬುದನ್ನು ಅವರು ಬಹುಮಟ್ಟಿಗೆ ಸರಿಯಾಗಿಯೇ ಹೇಳಿದರು. ಹೊಸ ಹೆಸರಿಗೂ ನಾಡಿನ ನುಡಿಗಿವಿಯ ವ್ಯಾಕರಣವುಂಟು.

ಇನ್ನು ಹೆಸರಿನಿಂದ ಬಾಳು ಕೆಡುವುದೆ ಎಂಬ ಪ್ರಶ್ನೆ. ಇಲ್ಲಿ ವಾಚಕರು ಸ್ವಲ್ಪ ನಿಧಾನಿಸಬೇಕು; ಏಕೆಂದರೆ ಎರಡು ಸತ್ಯಗಳು ಒಂದಕ್ಕೊಂದು ಎದುರಾಗಿ ನಿಂತಂತೆ ಕಾಣುತ್ತವೆ. ಫ್ರೈಯರ್ ಮತ್ತು ಲೆವಿಟ್ ಕ್ಯಾಲಿಫೋರ್ನಿಯದ ಹೆಣ್ಣುಮಕ್ಕಳು ಬೆಳೆದು ತಾವೇ ತಾಯಂದಿರಾದಾಗಿನ ಸ್ಥಿತಿಗತಿಗಳನ್ನು ಅವರ ಹೆಸರಿನೊಡನೆ ಹೋಲಿಸಿದರು. ಕಪ್ಪು ಹೆಸರಿನವರ ಬಾಳು ಬಡತನದ್ದೇ. ಆದರೆ ಅವರು ಹುಟ್ಟಿದ ಮನೆಯ, ಕೇರಿಯ ಬಡತನವನ್ನು ಲೆಕ್ಕಕ್ಕೆ ತೆಗೆದುಕೊಂಡ ಕೂಡಲೆ ಹೆಸರಿನ ದೋಷವೆಂಬುದು ಮಾಯವಾಯಿತು! ಹಾಗಾದರೆ ಬಾಸ್ಟನ್ನಿನ ಅರ್ಜಿಗಳು ಸುಳ್ಳು ಹೇಳಿದುವೆ? ಇಲ್ಲ. ಹೆಸರನ್ನು ನೋಡಿ ಕಾಗದವನ್ನು ಬದಿಗಿಡುವವನು, ಹೆಸರು ಎಮಿಲಿಯೆಂದಿದ್ದರೆ ಸಂದರ್ಶನಕ್ಕೇನೋ ಕರೆಯುತ್ತಾನೆ. ಬಾಗಿಲಲ್ಲಿ ಮುಖವನ್ನು ಕಂಡಮೇಲೆ ಬೇಡವೆನ್ನುತ್ತಾನೆ. ಬದಲಾದ ಹೆಸರಿನಿಂದ ಆಕೆಗೆ ಲಾಭವಾದುದು ಬಸ್ಸಿನ ಛಾರ್ಜು ಮಾತ್ರ, ಅದೂ ನಷ್ಟದ ಲೆಕ್ಕದಲ್ಲಿ.

ಆದರೂ ಹೆಸರು ನಿರಪಾಯಕರವೆಂದು ತೀರ್ಮಾನಿಸಲಾಗದು. ಡೇವಿಡ್ ಫಿಗ್ಲಿಯೊ ಎಂಬಾತ 2005ರಲ್ಲಿ ಪ್ರಕಟಿಸಿದ ಅಧ್ಯಯನ ಬಹು ಚತುರವಾದುದು. ಫ್ಲಾರಿಡದ ಶಾಲೆಗಳಲ್ಲಿ ಒಡಹುಟ್ಟಿದವರನ್ನೇ ಒಬ್ಬರಿಗೊಬ್ಬರನ್ನು ಹೋಲಿಸಿದನು. ಮನೆ ಒಂದೇ, ತಾಯಿತಂದೆಗಳು ಒಂದೇ, ಹೆಸರು ಮಾತ್ರ ಬೇರೆ. ಬಡವರ ಮಕ್ಕಳದೆಂದು ತೋರುವ ಹೆಸರಿದ್ದ ಮಗುವಿನಿಂದ ಉಪಾಧ್ಯಾಯರು ಕಡಿಮೆಯನ್ನು ನಿರೀಕ್ಷಿಸಿದರು. ಆ ಮಗುವಿನ ಅಂಕಗಳೂ ಕೊಂಚ ಕಡಿಮೆಯಾದುವು. ನಿರೀಕ್ಷೆಗೆ ತಕ್ಕಂತೆ ಕಲಿಸುವುದು, ಕಲಿಸಿದಂತೆ ಕಲಿಯುವುದು. ಇದರಲ್ಲಿ ಹೆಸರಿನ ಮಾಟವೇನೂ ಇಲ್ಲ.

ಇದಕ್ಕೆ ತಿರುಗುಮುರುಗಾದ ಸಂಗತಿಯೊಂದನ್ನು ಲಿಸಾ ಕುಕ್ ಮತ್ತು ಅವರ ಸಹೋದ್ಯೋಗಿಗಳು ಕಂಡುಹಿಡಿದರು. 1802ರಿಂದ 1970ರವರೆಗಿನ, ನಾಲ್ಕು ಸಂಸ್ಥಾನಗಳ ಮೂವತ್ತು ಲಕ್ಷಕ್ಕೂ ಹೆಚ್ಚಿನ ಮರಣದಾಖಲೆಗಳನ್ನು ಅವರು ಜಾಲಾಡಿದಾಗ, ಹಳೆಯ ಕಾಲದಲ್ಲಿಯೂ ಕಪ್ಪುಜನರಿಗೇ ವಿಶಿಷ್ಟವಾದ ಹೆಸರುಗಳಿದ್ದುವೆಂದೂ, ಆ ಹೆಸರಿನ ಗಂಡಸರು ಇತರ ಕಪ್ಪು ಗಂಡಸರಿಗಿಂತ ಸರಾಸರಿ ಒಂದು ವರ್ಷಕ್ಕೂ ಮಿಗಿಲಾಗಿ ಬದುಕಿದ್ದರೆಂದೂ ಗೊತ್ತಾಯಿತು. ಮೋಸೆಸ್ ಮುಂತಾಗಿ ಅವುಗಳಲ್ಲಿ ಹಲವು ಬೈಬಲ್ಲಿನಿಂದ ಬಂದುವು. ಅಂಥ ಹೆಸರಿಡುವ ಮನೆಗಳಿಗೆ ಚರ್ಚಿನ, ನೆಂಟರಿಷ್ಟರ ಒತ್ತಾಸೆ ಹೆಚ್ಚಾಗಿದ್ದಿರಬಹುದು. ಹೆಸರು ಹೊರಗಿನವರಿಗೆ ಕೊಡುವ ಸುಳಿವು ಬೇರೆ, ಒಳಗಿನವರಿಗೆ ಕೊಡುವ ಆಸರೆ ಬೇರೆ. 'ಬಾಗಿಲು ತೆರೆಸುವ ಹೆಸರನ್ನಿಡಿ' ಎಂದು ಸಲಹೆ ಕೊಡುವವರು ಈ ಎರಡನೆಯದನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲವೆಂಬುದು ನಮ್ಮ ಆಕ್ಷೇಪಣೆ.

ತಿದ್ದಬೇಕಾದುದು ತೊಟ್ಟಿಲಿನ ಕಡೆಯನ್ನೋ, ಕಛೇರಿಯ ಕಡೆಯನ್ನೋ? ಇದಕ್ಕೆ ಸಂಬಂಧಿಸಿದ ಮತ್ತೊಂದು ಪರೀಕ್ಷೆಯ ವಿವರ 2022ರಲ್ಲಿ ಹೊರಬಿದ್ದಿತು. ಪ್ಯಾಟ್ರಿಕ್ ಕ್ಲೈನ್, ಇವಾನ್ ರೋಸ್, ಕ್ರಿಸ್ಟೊಫರ್ ವಾಲ್ಟರ್ಸ್ ಎಂಬವರು ಅಮೆರಿಕದ 108 ದೊಡ್ಡ ಕಂಪೆನಿಗಳಿಗೆ ಸುಮಾರು 83,000 ಅರ್ಜಿಗಳನ್ನು ಕಳುಹಿಸಿದ್ದರು. ಬಿಳಿಯ ಹೆಸರಿಗೂ ಕಪ್ಪು ಹೆಸರಿಗೂ ನೂರು ಅರ್ಜಿಗಳಿಗೆ ಸರಾಸರಿ ಎರಡು ಕರೆಗಳ ಅಂತರವಷ್ಟೆ ಬಂದಿತು. ಆದರೆ ಆ ಅಂತರ ಎಲ್ಲೆಡೆ ಸಮನಾಗಿ ಹರಡಿರಲಿಲ್ಲ. ಕಪ್ಪು ಹೆಸರಿನವರಿಗೆ ತಪ್ಪಿಹೋದ ಕರೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಐದರಲ್ಲಿ ಒಂದು ಪಾಲು ಕಂಪೆನಿಗಳಲ್ಲಿಯೇ ತಪ್ಪಿಹೋಗಿದ್ದುವು. ಒಂದೊಂದು ಶಾಖೆಯ ಮುಖ್ಯಸ್ಥನೂ ತನ್ನ ಮನಸ್ಸಿಗೆ ಬಂದಂತೆ ಕರೆಯದೆ, ಅರ್ಜಿಗಳೆಲ್ಲ ಒಂದೇ ಕೇಂದ್ರ ಕಛೇರಿಯ ಕೈಯಿಂದ ಹಾದುಹೋಗುವ ಕಂಪೆನಿಗಳಲ್ಲಿ ಲಕೀಷಾಳಿಗೂ ಎಮಿಲಿಗೂ ನಡುವಣ ಅಂತರ ಕಡಿಮೆಯಾಗಿತ್ತು.