ಕರೆಗಂಟೆ ಒಂದು, ಒತ್ತುವವರು ಇಬ್ಬರು

ನಿಮಗೆ 1990ರ ದಶಕದ ಒಂದು ಹಳೆಯ ಕಂಪ್ಯೂಟರು ದೊರೆಯಿತೆನ್ನಿ. ಅದಕ್ಕೆ ಲಿನಕ್ಸ್ ಹಾಕಿ, ಜಾಲಕ್ಕೆ ಸೇರಿಸಲೆಂದು ಎನ್‌ಇ2000 ಮಾದರಿಯ ನೆಟ್‌ವರ್ಕ್ ಕಾರ್ಡನ್ನು ಕೂಡಿಸಿದಿರಿ. ಯಂತ್ರವು ಏಳುವಾಗ ಕಾರ್ಡು ಸಿಕ್ಕಿತೆಂದು ತೆರೆಯ ಮೇಲೆ ಬರೆಯುತ್ತದೆ. ಕಾರ್ಡಿನಲ್ಲಿ ಅಡಗಿರುವ ವಿಳಾಸವನ್ನೂ ಓದಿ ಹೇಳುತ್ತದೆ. ಆದರೆ ಪಕ್ಕದ ಯಂತ್ರವನ್ನು ಕೂಗಿದರೆ ಉತ್ತರವಿಲ್ಲ. ಕೇಬಲು ಸರಿಯಾಗಿದೆ. ಹಾಗಾದರೆ ಕಾರ್ಡೇ ಕೆಟ್ಟಿರಬೇಕೆಂದು ಕಿತ್ತು ಬಿಸಾಡುವ ಮೊದಲು ಸ್ವಲ್ಪ ತಾಳಿ. ತನ್ನ ವಿಳಾಸ ಹೇಳಬಲ್ಲ ಕಾರ್ಡಿನಲ್ಲಿ ಸಾಮಾನ್ಯವಾಗಿ ಜೀವವಿರುತ್ತದೆ. ಅದರ ಕರೆ ಒಳಗಿನವರಿಗೆ ಮುಟ್ಟುತ್ತಿಲ್ಲ, ಅಷ್ಟೆ.

ಈ ಕರೆ ಎಂದರೇನು? ಪ್ರಾಸೆಸರು ತನ್ನ ಕೆಲಸದಲ್ಲಿ ಮುಳುಗಿರುತ್ತದೆ. ಹೊರಗಿನಿಂದ ಮಾಹಿತಿ ಬಂದಾಗ ಕಾರ್ಡು ಅದನ್ನು ಎಚ್ಚರಿಸಬೇಕು. ಇದಕ್ಕಾಗಿ ಇರುವ ತಂತಿಯನ್ನು ಇಂಟರಪ್ಟ್ ತಂತಿ ಎನ್ನುತ್ತಾರೆ. ನಾವು ಕರೆಗಂಟೆ ಎನ್ನೋಣ. 1984ರ ಪಿಸಿ ಎಟಿ ಯಂತ್ರದಲ್ಲಿಯೂ ಅದರ ಜಾಡಿನಲ್ಲಿ ಬಂದವುಗಳಲ್ಲಿಯೂ ಇಂಥವು ಹದಿನಾರು, 0 ಮೊದಲುಗೊಂಡು 15ರವರೆಗೆ. ಧಾರಾಳವೆಂದು ತೋರೀತು. ಆದರೆ 1 ಕೀಲಿಮಣೆಗೆ, 6 ಫ್ಲಾಪಿಗೆ, 14 ಹಾರ್ಡ್ ಡಿಸ್ಕಿಗೆ, 7 ಪ್ರಿಂಟರಿಗೆ, 4 ಮತ್ತು 3 ಎರಡು ಸೀರಿಯಲ್ ಪೋರ್ಟುಗಳಿಗೆ ಎಂದು ಮೊದಲೇ ಹಂಚಿಹೋಗಿವೆ. ಎನ್‌ಇ2000 ಕಾರ್ಡಾದರೋ ಕಾರ್ಖಾನೆಯಿಂದಲೇ 3ಕ್ಕೆ ಹೊಂದಿಸಿಕೊಂಡು ಬರುತ್ತಿತ್ತು!

ಇಬ್ಬರೂ ಒಂದೇ ಗಂಟೆಯನ್ನು ಬಳಸಬಾರದೆ ಎಂದು ಕೇಳುವಿರಿ. ಐಎಸ್‌ಎ ಎಂಬ ಆ ಹಳೆಯ ಏರ್ಪಾಡಿನಲ್ಲಿ ಗುಂಡಿ ಒತ್ತಿದ ಕ್ಷಣಕ್ಕೆ ಮಾತ್ರ ಗಂಟೆ ಬಾರಿಸುತ್ತದೆ. ಒಬ್ಬನು ಬೆರಳನ್ನು ತೆಗೆಯದೆ ನಿಂತುಬಿಟ್ಟರೆ ಇನ್ನೊಬ್ಬನು ಎಷ್ಟು ಒತ್ತಿದರೂ ಕೇಳಿಸದು. 1992ರಲ್ಲಿ ಬಂದ ಪಿಸಿಐ ಪದ್ಧತಿಯಲ್ಲಿ ಗುಂಡಿ ಒತ್ತಿರುವಷ್ಟು ಹೊತ್ತೂ ಕರೆ ನಿಲ್ಲುವುದಿಲ್ಲವಾಗಿ ಹಂಚಿಕೊಳ್ಳುವುದು ಸಾಧ್ಯವಾಯಿತು. ಈಗಿನ ಯಂತ್ರಗಳಲ್ಲಿ ಕಾರ್ಡು ಪ್ರತ್ಯೇಕ ತಂತಿಯ ಗೊಡವೆಯಿಲ್ಲದೆ, ಗೊತ್ತುಮಾಡಿದ ವಿಳಾಸಕ್ಕೆ ಪುಟ್ಟ ಸಂದೇಶ ಬರೆದು ಕರೆಯುತ್ತದೆ.

ನಮ್ಮ ಹಳೆಯ ಯಂತ್ರಕ್ಕೆ ಬರೋಣ. ಪೆಟ್ಟಿಗೆ ಬಿಚ್ಚಬೇಡಿ, ಯಂತ್ರವನ್ನೇ ವಿಚಾರಿಸಿ. ‘ಕ್ಯಾಟ್ /ಪ್ರಾಕ್/ಇಂಟರಪ್ಟ್ಸ್’ ಎಂದು ಆಜ್ಞೆ ಕೊಟ್ಟರೆ ಯಾವ ಗಂಟೆ ಯಾರದು, ಇದುವರೆಗೆ ಎಷ್ಟು ಸಲ ಬಾರಿಸಿತು ಎಂಬ ಲೆಕ್ಕ ಕಾಣುತ್ತದೆ. ಪಕ್ಕದ ಯಂತ್ರವನ್ನು ಮತ್ತೆ ಕೂಗಿ, ಪಟ್ಟಿಯನ್ನು ಮತ್ತೆ ನೋಡಿ. ಕಾರ್ಡಿನ ಮುಂದಿನ ಸಂಖ್ಯೆ ಏರದೆ ನಿಂತಿದ್ದರೆ ರೋಗ ಇಲ್ಲಿಯೇ. ಒಂದು ಮೋಸವುಂಟು: ಬಳಕೆಯಲ್ಲಿಲ್ಲದ ಸೀರಿಯಲ್ ಪೋರ್ಟು ಈ ಪಟ್ಟಿಯಲ್ಲಿ ಕಾಣಿಸದು. ಪಟ್ಟಿಯಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ತಂತಿ ತೆರವಾಗಿದೆ ಎಂದು ನಂಬಿ ಅನೇಕರು ಸಂಜೆಗಳನ್ನು ಕಳೆದುಕೊಂಡಿದ್ದಾರೆ.

ಮದ್ದು ಸುಲಭ. ಎರಡನೆಯ ಸೀರಿಯಲ್ ಪೋರ್ಟು ಬೇಡವಾದರೆ ಬಯಾಸಿನಲ್ಲಿ ಅದನ್ನು ಮುಚ್ಚಿ. ಬೇಕಾದರೆ, ಕಾರ್ಡಿನ ಮೇಲಿನ ಜಂಪರನ್ನು ಬದಲಿಸಿಯೋ ಅದರೊಡನೆ ಬಂದ ಡಾಸ್ ಪ್ರೋಗ್ರಾಮಿನಿಂದಲೋ ಕಾರ್ಡನ್ನು 10ಕ್ಕೋ 11ಕ್ಕೋ ಸರಿಸಿ. ಡ್ರೈವರಿಗೂ ‘ಐಆರ್‌ಕ್ಯೂ=10’ ಎಂದು ತಿಳಿಸಿದರೆ ಊಹೆಗೆ ಎಡೆಯಿರದು. ಯಂತ್ರದಲ್ಲಿ ಪಿಸಿಐ ಕಾರ್ಡುಗಳೂ ಇದ್ದರೆ, ಆ ಸಂಖ್ಯೆ ಐಎಸ್‌ಎ ಕಾರ್ಡಿಗೆ ಮೀಸಲೆಂದು ಬಯಾಸಿನಲ್ಲಿ ಗುರುತುಮಾಡಿ.

ಇಷ್ಟಾದರೂ ಜಗಳ ನಿಲ್ಲದಿದ್ದರೆ ‘/ಪ್ರಾಕ್/ಐಒಪೋರ್ಟ್ಸ್’ ಪಟ್ಟಿಯನ್ನು ತೆರೆಯಿರಿ. ಇದು ಮನೆ ನಂಬರುಗಳ ದಾಖಲೆ. ಈ ಕಾರ್ಡಿಗೆ ಒಂದಲ್ಲ, ಸಾಲಾಗಿ 32 ಮನೆಗಳು ಬೇಕು. ಹದಿನಾರರ ಎಣಿಕೆಯಲ್ಲಿ 360ರಿಂದ ಹಿಡಿದರೆ ಅದರ ಹಿತ್ತಿಲು 37ಎಫ್ ಮುಟ್ಟಿ, 378ರಲ್ಲಿರುವ ಪ್ರಿಂಟರಿನ ಪಡಸಾಲೆಯೊಳಕ್ಕೆ ಹೋಗುತ್ತದೆ. 300ರಲ್ಲಿಟ್ಟರೆ ಆ ತಕರಾರಿಲ್ಲ. ಕೊನೆಗೆ ಗೊತ್ತಾದ ಸಂಖ್ಯೆಗಳೆರಡನ್ನೂ ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿಡಿ.